ಮಲಗಿರುವ ಖಳ

ಸ್ಟೀಲ್ ಲೋಟ ಉರುಳಿತು. ಸಿದ್ದು ಕೀಬೋರ್ಡಿನಿಂದ ಕೈ ಕಿತ್ತು ಕುರ್ಚಿಯನ್ನು ಹಿಂದಕ್ಕೆ ಸರಿಸಿದ. ಲೋಟ ಉರುಳಿದ್ದು ಕಂಪ್ಯೂಟರಿನ ಪರದೆಯೊಳಗೆ. ಅದು ಉರುಳುವಂತೆ ಪ್ರೋಗ್ರಾಂ ಬರೆದವನೂ ಅವನೇ. ಆದರೂ ಅವನ ಹಣೆ ಬೆವರಿತ್ತು.

ಪರದೆಯಲ್ಲಿ ಕೋಣೆಯ ಬಾಗಿಲು ಒಂದು ಗೇಣು ತೆರೆಯಿತು. ಅಷ್ಟೇ. ಮುಂದೆ ಬರೀ ಕಪ್ಪು.

"ಆಮೇಲೆ?" ಎಂದ ದುಶ್ಯಂತ್.

ಆಮೇಲಿನದು ಕಥೆ ಬರೆದ ಸುಮನಾಳಿಗೂ ಗೊತ್ತಿರಲಿಲ್ಲ.

ಅದು ೨೦೦೪. ಶಿವಮೊಗ್ಗದ ದುರ್ಗಿಗುಡಿಯಲ್ಲಿ, ಜೆರಾಕ್ಸ್ ಅಂಗಡಿಯ ಮೇಲಿನ ಎರಡು ಕೋಣೆಗಳಲ್ಲಿ ದುಶ್ಯಂತ್ ವಿಡಿಯೊ ಗೇಮ್ ತಯಾರಿಸುತ್ತಿದ್ದ. ಪ್ರೋಗ್ರಾಂ ಸಿದ್ದುವಿನದು. ಕಥೆಯೂ ಪಾತ್ರಗಳ ಚಿತ್ರವೂ ಸುಮನಾಳದು. ಸರಣಿಯ ಮೊದಲ ಎರಡು ಗೇಮ್‌ಗಳ ಖಳನಾಯಕರನ್ನು ನೋಡಿ ಆಡಿದವರು ನಕ್ಕಿದ್ದರು. ಒಬ್ಬನಿಗೆ ಕೊಂಬು, ಇನ್ನೊಬ್ಬನಿಗೆ ಗಾಜಿನ ಕಣ್ಣು. ಗೇಮ್ ಕೊಳ್ಳುವ ಬೆಂಗಳೂರಿನ ಕಂಪನಿ ಕೊನೆಯ ಮಾತು ಹೇಳಿಬಿಟ್ಟಿತ್ತು. ಮೂರನೆಯದರಲ್ಲಿ ಮರೆಯಲಾಗದ ಖಳ ಬೇಕು, ಇಲ್ಲವಾದರೆ ಸರಣಿ ಅಲ್ಲಿಗೇ ಮುಗಿಯಿತು. ಅವರು ನೋಡಲು ಬರುವುದು ನಾಳೆ ಹತ್ತು ಗಂಟೆಗೆ. ಸರಣಿ ಮುಗಿದರೆ ಈ ಎರಡು ಕೋಣೆಗಳಿಗೂ ಬೀಗ.

ಅದಕ್ಕೇ ಸುಮನಾ ಯಾರಿಗೂ ಹೇಳದೆ ತನ್ನ ಅಪ್ಪನನ್ನು ತಂದು ಗೇಮಿನಲ್ಲಿ ಮಲಗಿಸಿದ್ದಳು.

ಭದ್ರಾವತಿಯ ನ್ಯೂ ಟೌನಿನಲ್ಲಿ ಬೆಳೆದವರಿಗೆ ಇದು ಹೊಸದಲ್ಲ. ಉಕ್ಕಿನ ಕಾರ್ಖಾನೆಯ ರಾತ್ರಿ ಪಾಳಿ ಮುಗಿಸಿ ಬಂದ ಅಪ್ಪ ಹಗಲು ಮಲಗಿದರೆ ಇಡೀ ಮನೆ ಪಿಸುಗುಟ್ಟುತ್ತದೆ. ಆದರೆ ಉಳಿದ ಅಪ್ಪಂದಿರಿಗೆ ಪಾಳಿ ಬದಲಾಗುತ್ತಿತ್ತು. ಸುಮನಾಳ ಅಪ್ಪ ಭೈರಪ್ಪ ಮಾತ್ರ ರಾತ್ರಿ ಪಾಳಿಯನ್ನೇ ಬೇಡಿ ಹಾಕಿಸಿಕೊಳ್ಳುತ್ತಿದ್ದರು. ವರ್ಷವಿಡೀ ಹಗಲು ನಿದ್ದೆ, ವರ್ಷವಿಡೀ ಪಿಸುಮಾತು. ಅವಳಿಗೆ ಹತ್ತು ತುಂಬಿದ ವರ್ಷ ಅವರು ಎದೆನೋವಿನಿಂದ ತೀರಿಕೊಂಡರು.

ಅವರನ್ನು ಇದ್ದ ಹಾಗೆಯೇ ಗೇಮಿಗೆ ಇಳಿಸಿದ್ದಳು. ಕಾರ್ಖಾನೆಯ ಗದ್ದಲದಲ್ಲಿ ಎಲ್ಲರೂ ಕೈಸನ್ನೆಯಲ್ಲೇ ಕೆಲಸ ಮಾಡುತ್ತಾರೆ. ಅಪ್ಪ ಆ ಸನ್ನೆಯನ್ನು ಮನೆಗೂ ತಂದಿದ್ದರು. ಬೆರಳು ಎತ್ತಿದರೆ ನೀರು, ಅಂಗೈ ಮಡಚಿದರೆ ಹೊರಗೆ ಹೋಗು. ಯಾರಾದರೂ ಎದುರು ನಿಂತು ಮಾತಾಡಿದರೆ ರೆಪ್ಪೆ ಬಡಿಯದೆ ಮುಖವನ್ನೇ ದಿಟ್ಟಿಸುವ ನೋಟ. ಹಿಂದಿನಿಂದ ಕರೆದರೆ ತಿರುಗಿಯೂ ನೋಡದ ಬಿಗುವು. ಗೇಮ್ ಆಡುವವನು ಇಂಥವನು ಮಲಗಿರುವ ಮನೆಯನ್ನು ಸದ್ದಿಲ್ಲದೆ ದಾಟಬೇಕು. ಸದ್ದಾದರೆ ಅವನು ಏಳುತ್ತಾನೆ.

ಎದ್ದು ಏನು ಮಾಡುತ್ತಾನೆ? ಬೆಲ್ಟು, ಕಾದ ಸರಳು, ಅಬ್ಬರ. ಎಂಟು ಬಗೆಯಲ್ಲಿ ಬರೆದು ನೋಡಿದ್ದಳು. ಎದ್ದ ಕೂಡಲೇ ಖಳ ಸಪ್ಪೆಯಾಗುತ್ತಿದ್ದ. ಒಂದನ್ನು ನೋಡಿ ಸಿದ್ದು ನಕ್ಕೇಬಿಟ್ಟಿದ್ದ.

ನಿಜ ಹೇಳಬೇಕೆಂದರೆ, ಸದ್ದಿಗೆ ಅಪ್ಪ ಎದ್ದದ್ದನ್ನು ಅವಳು ಒಮ್ಮೆಯೂ ನೋಡಿರಲಿಲ್ಲ. ಅಮ್ಮ ಅಲ್ಲಿಯ ತನಕ ಬಿಡುತ್ತಲೇ ಇರಲಿಲ್ಲ. ಒಂದು ದಿನ ಅಣ್ಣ ಧರ್ಮೇಂದ್ರ ಕೋಣೆಯ ಬಾಗಿಲ ಬಳಿ ಬುಗುರಿ ಆಡಿಸಿದ. ಅಮ್ಮ ಅವನ ಬಾಯಿಗೆ ಕೈ ಒತ್ತಿ ಹಿತ್ತಿಲಿಗೆ ಎಳೆದೊಯ್ದಳು. ಉಗುರಿನ ಗುರುತು ಅವನ ಕೆನ್ನೆಯಲ್ಲಿ ಎರಡು ದಿನ ಇತ್ತು. ಸುಮನಾಳ ಮನಸ್ಸಿನಲ್ಲಿ ಉಳಿದದ್ದು ಆ ಗುರುತಲ್ಲ, ಆ ಹೊತ್ತಿನ ಅಮ್ಮನ ಮುಖ. ಸಾವನ್ನು ಕಂಡವರ ಮುಖ.

"ಇವ್ನು ನಿಮಗೆ ಗೊತ್ತಿರೋ ಮನುಷ್ಯ, ಮೇಡಂ," ಎಂದ ದುಶ್ಯಂತ್. "ಗೊತ್ತಿಲ್ದೆ ಹೀಗೆ ಬರೆಯೋಕಾಗಲ್ಲ. ಎದ್ರೆ ಏನ್ ಮಾಡ್ತಿದ್ದ ಅಂತ ಯಾರನ್ನಾದ್ರೂ ಕೇಳಿ. ಇವತ್ತೇ ಕೇಳಿ."

ಮಧ್ಯಾಹ್ನದ ಬಸ್ಸಿಗೆ ಅವಳು ಭದ್ರಾವತಿಗೆ ಹೊರಟಳು.

ಅಪ್ಪ ಸೇವೆಯಲ್ಲಿದ್ದಾಗಲೇ ತೀರಿಕೊಂಡದ್ದರಿಂದ, ವಯಸ್ಸಿಗೆ ಬಂದ ಮೇಲೆ ಧರ್ಮೇಂದ್ರನಿಗೆ ಅದೇ ಕಾರ್ಖಾನೆಯಲ್ಲಿ ಕೆಲಸ ಸಿಕ್ಕಿತ್ತು. ಅಮ್ಮ ಬಂಗಾರಮ್ಮ ಅವನ ಕ್ವಾರ್ಟರ್ಸಿನಲ್ಲಿದ್ದಳು. ಅವನು ಡ್ಯೂಟಿಗೆ ಹೋಗಿದ್ದ. ಅಮ್ಮ ಒಬ್ಬಳೇ ಕೂತು ಹುಣಸೆಹಣ್ಣಿನ ಬೀಜ ಬಿಡಿಸುತ್ತಿದ್ದಳು.

"ಏನೇ ಮಾರಾಯ್ತಿ, ಕೆಲ್ಸದ ದಿನ ಬಂದಿದೀಯ. ಬಿಡಿಸ್ಬಿಟ್ರಾ?"

"ನಾಳೆ ಬಿಡಿಸ್ತಾರೆ."

ಸುಮನಾ ಎಲ್ಲವನ್ನೂ ಹೇಳಿದಳು. ಗೇಮು, ಮುಚ್ಚಿದ ಬಾಗಿಲು, ಬಾಗಿಲ ಹಿಂದೆ ಮಲಗಿರುವ ಖಳ ಯಾರೆಂಬುದು. ಬೀಜ ಬಿಡಿಸುತ್ತಿದ್ದ ಕೈ ನಿಂತಿತು.

"ಅಪ್ಪ ನಿನ್ನ ಹೊಡೀತಿದ್ರಾ?"

"ಯಾರು ಹೇಳಿದ್ರು?"

"ನಿನ್ನ ಹೆದರಿಕೆ ಹೇಳ್ತಿತ್ತು."

ಬಂಗಾರಮ್ಮ ಎದ್ದು ಹೋಗಿ ಬೀದಿಯ ಕಡೆಯ ಕಿಟಕಿ ಮುಚ್ಚಿದಳು. ಗಂಡ ಸತ್ತು ಹದಿನಾರು ವರ್ಷವಾಗಿತ್ತು. ಇದನ್ನು ಕೇಳಬಾರದಿತ್ತು, ಇಲ್ಲಿಗೆ ಬರಲೇಬಾರದಿತ್ತು ಎಂದು ಸುಮನಾಳಿಗೆ ಅನ್ನಿಸಿತು. ಆದರೆ ನಾಳೆಯ ಹತ್ತು ಗಂಟೆ ಎಲ್ಲಿಗೂ ಹೋಗಿರಲಿಲ್ಲ.

"ನಿಮ್ಮಣ್ಣಂಗೆ ಹೇಳ್ಬೇಡ," ಎಂದಳು ಅಮ್ಮ. ದನಿ ಈಗಲೂ ಪಿಸುಮಾತೇ. "ಅವನ ಕೆಲ್ಸ ಬಂದಿದ್ದೂ ಅವ್ರ ಹೆಸರಿನ ಮೇಲೇ."

"ಹೇಳಲ್ಲ. ಸದ್ದಾದ್ರೆ ಏನಾಗ್ತಿತ್ತಮ್ಮ?"

"ನಂಗೆ ನಿಮ್ಮಪ್ಪನ ಹೆದರಿಕೆ ಇರಲಿಲ್ಲ. ನಿಮ್ಮಿಬ್ರದ್ದಿತ್ತು. ಒಂದೇ ಒಂದ್ಸಲ ಪಾತ್ರೆ ಬಿದ್ದು, ಆಗೋದನ್ನ ನೀವು ಕಣ್ಣಾರೆ ಕಂಡಿದ್ರೆ ಮುಗೀತಿತ್ತು. ಸ್ಕೂಲಲ್ಲಿ ಹೇಳ್ತಿದ್ರಿ. ಮೇಷ್ಟ್ರಿಂದ ಕಾರ್ಖಾನೆಗೆ ಎಷ್ಟು ದೂರ? ಆವತ್ತೇ ಕೆಲ್ಸ ಹೋಗೋದು, ಕ್ವಾರ್ಟರ್ಸ್ ಹೋಗೋದು. ಎರಡು ಮಕ್ಳನ್ನ ಕಟ್ಕೊಂಡು ಎಲ್ಲಿಗೆ ಹೋಗ್ಲಿ?"

ಸುಮನಾ ಅಮ್ಮನ ಹತ್ತಿರಕ್ಕೆ ಸರಿದಳು.

"ಅಂಥದ್ದೇನಮ್ಮ ಆಗ್ತಿದ್ದಿದ್ದು?"

"ಏನೂ ಆಗ್ತಿರಲಿಲ್ಲ ಕಣೇ," ಎಂದಳು ಬಂಗಾರಮ್ಮ. "ನೀನು ಹುಟ್ಟೋಕೆ ಮುಂಚೇನೇ, ಜ್ವರ ಬಂದು ನಿಮ್ಮಪ್ಪಂಗೆ ಎರಡೂ ಕಿವಿ ಹೋಗಿತ್ತು."