ಬಾಯಿ ಬಿಡಿಸುವ ದಿನ

ಹದಿನೇಳರ ಸೆರಾಫಿನಾಳನ್ನು ಅವಳ ಅಪ್ಪ ಒಂದು ಮಾತೂ ಕೇಳದೆ ಕನ್ಯಾಸ್ತ್ರೀಯರ ಮಠಕ್ಕೆ ಬರೆದುಕೊಟ್ಟರು.

ಪರಂಗಿಯವರ ಆಳ್ವಿಕೆಯ ಆ ಬಂದರಿನಲ್ಲಿ, ಮಠ ಸೇರಿದ ದೊಡ್ಡ ಮನೆಯ ಹುಡುಗಿ ಮತ್ತೆ ಮನೆಗೆ ಬರುವುದಿಲ್ಲ. ಹೂವಿನ ಕಿರೀಟವಿಟ್ಟ ಅವಳ ಚಿತ್ರ ಮಾತ್ರ ಮನೆಯಲ್ಲಿ ಉಳಿಯುತ್ತದೆ. ಚಿತ್ರದ ತುಟಿಗೆ ಬಣ್ಣ ಹಚ್ಚುವಾಗ ಅವಳು ಆಡಿದ ಮಾತನ್ನೇ ಚಿತ್ರ ಕೊನೆಯವರೆಗೂ ಆಡುತ್ತಿರುತ್ತದೆ. ಚಿತ್ರಕ್ಕೆ ಹೋದ ದನಿ ಅವಳಿಗೆ ಮರಳುವುದಿಲ್ಲ.

ಪಡಸಾಲೆಯ ಗೋಡೆಯ ಮೇಲೆ ಸೋದರತ್ತೆ ಎಮಿಲಿಯಾ ಇದ್ದಳು. ಅಜ್ಜಿ ಸತ್ತ ದಿನ ಸೆರಾಫಿನಾ ಆ ಚಿತ್ರದ ಮುಂದೆ ಕೂತು ಒಬ್ಬಳೇ ಅತ್ತಿದ್ದಳು. "ನಾನು ಸುಖವಾಗಿದ್ದೇನೆ," ಎಂದಿದ್ದಳು ಅತ್ತೆ, ಎಂದಿನಂತೆ.

ಚಿತ್ರಗಾರ ಬಾಬಣ್ಣಾಚಾರಿ ಈಗ ಸೆರಾಫಿನಾಳ ಚಿತ್ರಕ್ಕೆ ಅಬ್ಬಲಿಗೆ ಹೂವಿನ ಕಿರೀಟ ಬರೆದು ಮುಗಿಸಿ ಕೆಂಪು ಕಲಸಿದ. "ಇನ್ನು ಬಾಯಿ ಬಿಡಿಸುವುದೊಂದೇ. ಹೇಳು ಮಗಾ."

"ನಿನ್ನ ಅತ್ತೆ ಹೇಳಿದ್ದನ್ನೇ ಹೇಳು," ಎಂದಳು ತಾಯಿ. "ನಮಗೂ ಉಂಡ ಅನ್ನ ಮೈಗೆ ಹತ್ತಬೇಕಲ್ಲ."

ಬಾಬಣ್ಣಾಚಾರಿ ಕುಂಚವನ್ನು ಕೆಂಪಿಗೆ ಅದ್ದಿ ಹಿಡಿದು ಕಾದ.

"ಬಣ್ಣ ಒಣಗ್ತದೆ ಮಾರಾಯ್ತಿ."

"ಒಣಗಲಿ ಆಚಾರ್ರೇ," ಎಂದು ಅವಳು ತಲೆಯ ಮೇಲಿನ ಹೂಗಳನ್ನು ತೆಗೆದು ಮಡಿಲಿಗೆ ಹಾಕಿಕೊಂಡಳು. "ನನ್ನ ಬಾಯಿ ಬಿಡಿಸಬೇಡಿ. ನನಗೆ ಅದು ಬೇಕು."