ತೊಂಬತ್ತೆರಡು ಅಂಕ

ಗಣಿತದಲ್ಲಿ ತೊಂಬತ್ತೆರಡು ಅಂಕ ಬಂದದ್ದಕ್ಕೆ ನೀಲವ್ವನಿಗೆ ಏಟು ಬಿದ್ದವು. ಅಲ್ಲಿಯವರೆಗೆ ಅವಳು ಮೂವತ್ತೈದು ದಾಟಿದವಳಲ್ಲ. ಮಾಸ್ತರರು ಅವಳ ಹೆಸರು ಹಿಡಿದು ಕರೆದದ್ದೇ ಇಲ್ಲ, ‘ದಡ್ಡಿ’ ಎನ್ನುತ್ತಿದ್ದರು. ಈ ಸಲ ಅವಳು ಮೂರು ತಿಂಗಳು ಒಬ್ಬಳೇ ಕೂತು ಲೆಕ್ಕ ಮಾಡಿದ್ದಳು.

“ಯಾರದ ನೋಡಿ ಬರದಿ?”

“ಯಾರದೂ ಇಲ್ರಿ ಸರ.”

ಬೆತ್ತ ಅಂಗೈ ಮೇಲೆ ಬಿತ್ತು. ಮತ್ತೆ ಅದೇ ಪ್ರಶ್ನೆ, ಅದೇ ಉತ್ತರ. ಹನ್ನೊಂದನೆಯ ಏಟಿಗೆ ಚರ್ಮ ಒಡೆದು ರಕ್ತ ಬಂತು. ಮಾಸ್ತರರು ಅವಳ ಜಡೆ ಹಿಡಿದು ತಲೆಯನ್ನು ಗೋಡೆಗೆ ಚಚ್ಚಿದರು.

“ಈ ತಲ್ಯಾಗ ಲೆಕ್ಕ ಹೋಗತಾವೇನ? ನೀನ ಹೇಳು.”

ಇನ್ನೊಮ್ಮೆ ಚಚ್ಚಿದರು.

ಪರೀಕ್ಷೆಯಲ್ಲಿ ಅವಳ ಪಕ್ಕ ಕೂತಿದ್ದ ವಿಶಾಲಾಕ್ಷಿ, ತರಗತಿಗೇ ಮೊದಲು ಬರುವವಳು, ಅಳುತ್ತ ಎದ್ದು ನಿಂತಳು.

“ಬಿಡ್ರಿ ಸರ. ಆಕಿ ನಂದು ನೋಡಿಲ್ಲ. ನಾನ ಆಕೀದು ನೋಡಿ ಬರದೀನಿ.”

ಮಾಸ್ತರರ ಕೈ ಜಡೆಯನ್ನು ಬಿಟ್ಟಿತು.

ನೀಲವ್ವ ಹಣೆಯ ಮೇಲಿನ ರಕ್ತ ಒರೆಸಿಕೊಂಡು ಗೆಳತಿಯನ್ನು ನೋಡಿದಳು.

“ಆಕಿ ಸುಳ್ಳ ಹೇಳಾಕತ್ತಾಳ್ರಿ ಸರ,” ಎಂದಳು. “ನಾನ ನೋಡಿ ಬರದಿರಬೇಕು. ನನಗೆಲ್ಲಿಂದ ಬರಬೇಕ್ರಿ ಲೆಕ್ಕ?”