ಎರಡು ಮೆಟ್ಟಿಲು ಕಡಿಮೆ

“ನಾನು ಕಟ್ಟಿದ ಲ್ಯಾಂಡಿಂಗ್ ಮೇಲೆ ಎರಡು ನಿಮಿಷ ನಿಂತ್ರೆ ಹಾವು ಮುಂಗುಸಿನೂ ಒಂದೇ ತಟ್ಟೇಲಿ ಉಣ್ತವೆ ಕಣಮ್ಮಾ” ಎಂದ ಮೇಸ್ತ್ರಿ, ಮೆಟ್ಟಿಲು ತಿರುಗುವಲ್ಲಿ ಮಂಚ ಹಾಕುವಷ್ಟು ಅಗಲವಾಗಿದ್ದ ಜಾಗವನ್ನು ತೋರಿಸುತ್ತ. ಅವನ ಬಾಯಿಗೆ ಒಂದು ಇಟ್ಟಿಗೆ ಹೋದರೆ ಮೂರು ಮಹಡಿಯಾಗಿ ಹೊರಬರುತ್ತಿತ್ತು.

ಅವನು ಹಿಂದೆ ಕಟ್ಟಿದ ಈ ಮನೆ ನೋಡಲು ಜೊತೆಗೆ ಬಂದಿದ್ದ ಹೆಂಗಸು ಗೋಡೆಗೆ ಕೈಯೂರಿ ಸುಧಾರಿಸಿಕೊಳ್ಳುತ್ತಿದ್ದಳು. ಅಪ್ಪ ಬಿಟ್ಟುಹೋದ ಒಂದೇ ಜಾಗದಲ್ಲಿ ಅವಳೂ ಅವಳ ಅಕ್ಕನೂ ಮನೆ ಕಟ್ಟಿಸುತ್ತಿದ್ದರು. ಕೆಳಗೆ ಅಕ್ಕ, ಮೇಲೆ ತಂಗಿ. ಮಾತು ಬಿಟ್ಟು ಮೂರು ವರ್ಷ. ಮೆಟ್ಟಿಲು ಮನೆಯ ಹೊರಗಿರಲಿ, ಅವಳ ಮುಖ ನೋಡುವ ಕರ್ಮ ಬೇಡ ಎಂದು ಅಕ್ಕ ಹೇಳಿಕಳಿಸಿದ್ದಳು. ತಂಗಿ ಇನ್ನೂ ಹೂಂ ಎಂದಿರಲಿಲ್ಲ. ನಾಳೆ ಬೆಳಿಗ್ಗೆ ಮೆಟ್ಟಿಲಿಗೆ ಕಂಬಿ ಕಟ್ಟಬೇಕು; ಒಳಗೋ ಹೊರಗೋ ಇವತ್ತೇ ತೀರ್ಮಾನವಾಗಬೇಕು.

“ನೀವು ಹೇಳಿದ್ರಲ್ಲ, ಈ ಮನೆ ಅಣ್ಣ ತಮ್ಮ ಒಂದಾಗಿದ್ದು ಇಲ್ಲೇನಾ?”

“ಇಲ್ಲೇ! ಹತ್ತು ವರ್ಷದ ಮುನಿಸು. ತಬ್ಬಿಕೊಂಡು ಅತ್ತರು ನೋಡಿ, ಮೆಟ್ಟಿಲ ಮೇಲೆ ಹರಿದ ಕಣ್ಣೀರನ್ನ ನಾನೇ ಪೊರಕೆ ಹಿಡಿದು ತಳ್ಳಿದೆ.”

ಅಷ್ಟರಲ್ಲಿ ಮೇಲಿನ ಮನೆಯ ಅಣ್ಣನೇ ತರಕಾರಿ ಚೀಲ ಹಿಡಿದು ಹತ್ತಿ ಬಂದ. ಚೀಲ ಇಳಿಸಿ, ಸೊಂಟಕ್ಕೆ ಕೈಕೊಟ್ಟು ಏದುಸಿರು ಬಿಡುತ್ತ ನಿಂತ. ಹಿಂದೆಯೇ ಕೆಳಮನೆಯ ತಮ್ಮ, ತಾರಸಿಯಲ್ಲಿ ಒಣಗಿದ ಬಟ್ಟೆ ತರಲು ಹೊರಟವನು. ಒಬ್ಬರ ಮುಖ ಒಬ್ಬರು ನೋಡಲಿಲ್ಲ. ತಮ್ಮ ಚೀಲ ಎತ್ತಿಕೊಂಡು ಹೋಗಿ ಅಣ್ಣನ ಬಾಗಿಲ ಮುಂದಿಟ್ಟು ಹಾಗೇ ತಾರಸಿಗೆ ಹತ್ತಿದ. ಉಸಿರು ಹತೋಟಿಗೆ ಬಂದಮೇಲೆ ಅಣ್ಣನೂ ಹೋಗಿ ಬಾಗಿಲು ಹಾಕಿಕೊಂಡ.

“ಮಾತೇ ಆಡ್ಲಿಲ್ವಲ್ಲ ಮೇಸ್ತ್ರಿ?”

ಮೇಸ್ತ್ರಿ ಕಿವಿಯ ಮೇಲಿನ ಪೆನ್ಸಿಲ್ ತೆಗೆದು ನೋಡಿ ಮತ್ತೆ ಸಿಕ್ಕಿಸಿಕೊಂಡ.

“ಆಡಲ್ಲಮ್ಮಾ. ಇದು ನನ್ನ ಅಳತೆ ತಪ್ಪಿ ಆದ ಜಾಗ. ಎರಡು ಮೆಟ್ಟಿಲು ಕಡಿಮೆ ಹಾಕಿಬಿಟ್ಟೆ. ಅವೆರಡರ ಅಗಲ ಇಲ್ಲಿ ಉಳೀತು, ಎತ್ತರ ಮಿಕ್ಕ ಮೆಟ್ಟಿಲುಗಳಿಗೆ ಹಂಚಿಹೋಯ್ತು. ಯಾರೇ ಹತ್ತಲಿ, ಇಲ್ಲಿ ನಿಂತು ಉಸಿರು ತಗೊಳ್ಳಲೇಬೇಕು.”

ತಂಗಿ ಆ ಮುಚ್ಚಿದ ಬಾಗಿಲನ್ನೇ ನೋಡುತ್ತಿದ್ದಳು.

“ಚೀಲ ದಿನಾ ಎತ್ತಿಡ್ತಾರಾ?”

ಮನೆ ಕಟ್ಟಿದ ದಿನದಿಂದ ಎನ್ನಲು ಮೇಸ್ತ್ರಿ ಬಾಯಿ ತೆರೆದ. ಅವಳ ಮುಖ ನೋಡಿ ಮುಚ್ಚಿದ.

“ಗೊತ್ತಿಲ್ಲಮ್ಮಾ. ನಾನೂ ಇವತ್ತೇ ನೋಡಿದ್ದು.”